ಜವರಣ್ಣ ಮೂಸಿದ ಗಾಳಿ

ಶ್ರೀರಂಗಪಟ್ಟಣ ಬಸ್ ನಿಲ್ದಾಣ

ಜಪಾನ್ ಹೇಗಿತ್ತು ಎಂದು ಕೇಳಿದವರಿಗೆಲ್ಲ ‘ಚೆನ್ನಾಗಿತ್ತು’ ಎಂದು ಹೇಳಿ ಮುಂದೆ ಹೋಗುತ್ತಿದ್ದೇನೆ. ಅದು ಪೂರ್ತಿ ನಿಜವಲ್ಲ. ಆ ಪ್ರವಾಸದಲ್ಲಿ ಒಂದು ದಿನ, ನನ್ನ ಜೊತೆ ಬಂದವನ ಉಸಿರು ನಾನು ಬಾಯಿ ಬಿಡುವುದರ ಮೇಲೆ ನಿಂತಿತ್ತು. ನಾನು ಏಳು ಗಂಟೆ ಹೊತ್ತು ಬಾಯಿ ಬಿಡಲಿಲ್ಲ. ಆದದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ.

ಹೊರಟವರು ನಾಲ್ವರು. ನಾನು ಶಿವಲಿಂಗ, ಕ್ಯಾತನಹಳ್ಳಿಯವನು. ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಸಹಾಯಕ. ಊರೂರಿಂದ ಬರುವ ಬಾಟಲಿಗಳಿಗೆ ಚೀಟಿ ಅಂಟಿಸಿ, ಒಳಗಿನ ನೀರಿನಲ್ಲಿ ಏನಿದೆ ಎಂದು ನೋಡಿ ಬರೆದಿಡುವುದು ನನ್ನ ಕೆಲಸ. ಜವರಣ್ಣ, ಕಾಗದದ ಮೇಲೆ ಜವರಪ್ಪ, ಕೆ.ಆರ್. ಪೇಟೆ ಕಡೆಯ ಹಳ್ಳಿಯೊಂದರ ನೀರುಗಂಟಿ. ಟ್ಯಾಂಕು ತುಂಬಿಸುವುದು, ಬೀದಿಬೀದಿಗೆ ನೀರು ಬಿಡುವುದು ಅವನದು. ಪುಟ್ಟಸ್ವಾಮಿ ನಾಗಮಂಗಲದ ಕಡೆ ಕುಡಿಯುವ ನೀರಿನ ಘಟಕ ನಡೆಸುವವನು. ನಮ್ಮನ್ನು ಕರೆದುಕೊಂಡು ಹೊರಟವರು ಶ್ರೀರಂಗಪಟ್ಟಣದ ಎಂಜಿನಿಯರ್ ಸವಿತಾ ಮೇಡಂ.

ಹೊರಡಲು ಕಾರಣವಿತ್ತು. ಜವರಣ್ಣನ ಊರಿನಲ್ಲಿ ಹಿಂದಿನ ಮಳೆಗಾಲ ಕೊಳವೆ ಒಡೆದು, ಚರಂಡಿಯ ನೀರು ಕುಡಿಯುವ ನೀರಿಗೆ ಸೇರಿತ್ತು. ಒಂದು ಬೀದಿಗೆ ಬೀದಿಯೇ ವಾಂತಿಭೇದಿಯಿಂದ ಮಲಗಿತ್ತು. ಆ ಬಾಟಲಿಗಳು ನನ್ನ ಮೇಜಿಗೇ ಬಂದಿದ್ದವು. ಅದಾದ ಮೇಲೆ, ಆ ಊರಿಗೆ ಓಝೋನ್ ಮತ್ತು ಮೆಂಬ್ರೇನಿನಿಂದ ನೀರು ಶುದ್ಧ ಮಾಡುವ ಒಂದು ಘಟಕ ಹಾಕಿಸಿಕೊಡಲು ಒಂದು ಸಂಸ್ಥೆ ಮುಂದೆ ಬಂತು. ಅಂಥದೇ ಘಟಕ ಜಪಾನಿನ ಒಂದು ಸಣ್ಣ ಊರಿನಲ್ಲಿ ನಡೆಯುತ್ತಿದೆ, ನೋಡಿ ಕಲಿತು ಬನ್ನಿ ಎಂದರು. ತರಬೇತಿ ಮುಗಿಸಿ ಬಂದರೆ ನಡೆಸುವ ಕೆಲಸ ಜವರಣ್ಣನಿಗೆ.

ನಮ್ಮ ನಾಲ್ಕು ತಾಲ್ಲೂಕಿನ ನೀರಿನವರಲ್ಲಿ ಜವರಣ್ಣನ ಮೂಗು ಹೆಸರುವಾಸಿ. ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಕಲಸಿ ಹಾಕಿ, ಊರ ಕೊನೆಯ ನಲ್ಲಿಗೆ ಹೋಗಿ, ಬೊಗಸೆಯಲ್ಲಿ ನೀರು ಹಿಡಿದು ಮೂಸುತ್ತಾನೆ. ‘ಸಾಕು’ ಅನ್ನುತ್ತಾನೆ, ಇಲ್ಲವೇ ‘ಇನ್ನೊಂದ್ ಇಡಿ ಪುಡಿ ಆಕ್ಬೇಕು’ ಅನ್ನುತ್ತಾನೆ. ಆಮೇಲೆ ನಾನು ಪರೀಕ್ಷೆ ಮಾಡಿ ನೋಡಿದರೆ ಅವನು ಹೇಳಿದ ಹಾಗೇ ಇರುತ್ತದೆ. ಕೊಳವೆ ಒಡೆದ ದಿನ ಮಾತ್ರ ಅವನು ನೆಂಟರ ಊರಿಗೆ ಹೋಗಿದ್ದ. “ನಾನಿದ್ದಿದ್ರೆ ಮೂಸೇ ಇಡೀತಿದ್ದೆ” ಎಂದು ಕೊರಗುತ್ತಿದ್ದ.

ಬಸ್ ನಿಲ್ದಾಣದಲ್ಲಿ ಗಾಡಿಗೆ ಕಾಯುತ್ತಿದ್ದಾಗ ಪುಟ್ಟಸ್ವಾಮಿ ಶುರು ಮಾಡಿದ.

“ಜವರಣ್ಣ, ಆ ಮೂಗ್ಗೂ ಒಂದು ಪಾಸ್‌ಪೋರ್ಟ್ ಮಾಡ್ಸುದ್ಯಾ?”

“ನಿನ್ ಬಾಯ್ಗೆ ಮಾಡ್ಸಿದ್ದೀಯಲ್ಲ, ಸಾಕು ಬುಡ್ಲಾ. ಅದೇ ಎಲ್ಲಾರ್ಗಿಂತ ಮುಂದೆ ಓಯ್ತದೆ.”

ಮೇಡಂ ಕೂಡ ನಕ್ಕರು. ನಾಲ್ವರೂ ಒಟ್ಟಿಗೆ ಮನಸಾರೆ ನಕ್ಕ ನೆನಪು ನನಗೆ ಅದೊಂದೇ ಇದೆ.

ಗದ್ದೆಗಳ ನಡುವೆ

ಆ ಊರು ಒಸಾಕಾದಿಂದ ಎರಡು ಗಂಟೆಯ ರೈಲು ದಾರಿ. ಇಳಿದರೆ ಸುತ್ತಲೂ ನಾಟಿಯಾದ ಗದ್ದೆ, ಪಕ್ಕದಲ್ಲಿ ಹರಿಯುವ ನಾಲೆ. ನಮ್ಮ ಕಡೆಯ ಕಿರಂಗೂರಿನ ಬಯಲಿಗೆ ಯಾರೋ ಬೆಟ್ಟ ತಂದು ಜೋಡಿಸಿಟ್ಟ ಹಾಗಿತ್ತು. ಆದರೆ ಬಯಲಲ್ಲಿ ಒಂದು ಕೂಗಿಲ್ಲ. ನಾಟಿ ಯಂತ್ರದ ಮೇಲೆ ಒಬ್ಬ ಮುದುಕ ಒಬ್ಬನೇ ಕೂತಿದ್ದ. ಬದುವಿನ ಮೇಲೆ ಬುತ್ತಿ ಇಲ್ಲ, ಬೈಗುಳ ಇಲ್ಲ. “ಇಷ್ಟು ಸುಮ್ನೆ ನಾಟಿ ಆಕಿದ್ರೆ ಪೈರು ಎಂಗೆ ಎದ್ದದ್ದು?” ಎಂದು ಪುಟ್ಟಸ್ವಾಮಿ ಕೇಳಿದ.

ಘಟಕದ ಮುಖ್ಯಸ್ಥ ಮೊರಿತಾ ನಮ್ಮನ್ನು ನಿಲ್ದಾಣದಲ್ಲೇ ಎದುರುಗೊಂಡರು. ಅರವತ್ತರ ಹತ್ತಿರದ ಸಣಕಲು ಮನುಷ್ಯ. ಕೈಯಲ್ಲಿ ಫೋನು ಹಿಡಿದು ತಮ್ಮ ಭಾಷೆಯಲ್ಲಿ ಮಾತಾಡುತ್ತಿದ್ದರು, ಅದು ಕನ್ನಡ ನುಡಿಯುತ್ತಿತ್ತು: “ದೀರ್ಘ ಪ್ರಯಾಣದಿಂದ ತಾವು ಬಳಲಿರಬಹುದು.” ನಾವು ಕನ್ನಡದಲ್ಲಿ ಹೇಳಿದ್ದನ್ನು ಅವರಿಗೆ ತಿಳಿಸುತ್ತಿದ್ದದ್ದೂ ಅದೇ.

“ನಮ್ಮ ಮೇಷ್ಟ್ರೂ ಇಷ್ಟು ಚೆಂದಾಗಿ ಮಾತಾಡ್ನಿಲ್ಲ” ಎಂದ ಪುಟ್ಟಸ್ವಾಮಿ.

ದಾರಿಯಲ್ಲಿ ಜವರಣ್ಣ ನಾಲೆಯ ಅಂಚಿಗೆ ಇಳಿದು, ಬೊಗಸೆ ತುಂಬಿ ಮೂಸಿದ. “ಗೊಬ್ಬರ ಬಿದ್ದದೆ. ಎಲ್ಡು ದಿನ ಆಗಿರ್ಬೇಕು.” ಅದನ್ನು ಮೊರಿತಾ ಅವರಿಗೆ ಹೇಳಿದವನು ನಾನು. ಅವರು ನಿಂತುಬಿಟ್ಟರು. ಮೊನ್ನೆಯೇ ಮೇಲಿನ ಗದ್ದೆಗಳಿಗೆ ಗೊಬ್ಬರ ಹಾಕಿದ್ದರಂತೆ. ಅವರ ಬೆರಗು ನೋಡಿ ನನಗೆ ಹೆಮ್ಮೆಯಾಯಿತು. ನಮ್ಮಲ್ಲಿ ಇವನ ಮೂಗು ಇದ್ದರೆ ಯಂತ್ರ ಬೇಡ ಎಂದೆ. ಫೋನು ಅದನ್ನೂ ಚಾಚೂ ತಪ್ಪದೆ ಹೇಳಿರಬೇಕು. ಮೊರಿತಾ ಜವರಣ್ಣನ ಮುಂದೆ ತಲೆಬಾಗಿದರು. ಜವರಣ್ಣ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಆದರೆ ಅವನ ನಡಿಗೆ ಬದಲಾದದ್ದು ನನಗೆ ಕಾಣಿಸಿತು.

ಆ ಮಾತನ್ನು ನಾನು ಆಡಬಾರದಿತ್ತು.

ಘಟಕ

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಒಳಗೆ ಹೋದೆವು. ದೊಡ್ಡ ಕಟ್ಟಡದ ಪಕ್ಕ ಒಂದು ಶೆಡ್ಡಿನಲ್ಲಿ ಮಾದರಿ ಘಟಕವಿತ್ತು. ಜವರಣ್ಣನ ಊರಿಗೆ ಬರಬೇಕಾದದ್ದು ಅಷ್ಟೇ ಗಾತ್ರದ್ದು. ಯಾವುದೇ ವಾಲ್ವನ್ನು ಮುಟ್ಟುವ ಮೊದಲು ಮೊರಿತಾ ಅದರತ್ತ ತೋರುಬೆರಳು ಚಾಚಿ, ಅದರ ಹೆಸರು ಹೇಳಿ, ‘ಯೋಶಿ’ ಎಂದು ಗಟ್ಟಿಯಾಗಿ ಕೂಗುತ್ತಿದ್ದರು. ಸರಿಯಿದೆ ಎಂದರ್ಥ. ಶೆಡ್ಡಿನಲ್ಲಿ ಒಬ್ಬರೇ ಇದ್ದರೂ ಹಾಗೇ ಮಾಡುತ್ತಾರಂತೆ. ಕೈ, ಕಣ್ಣು, ಬಾಯಿ ಮೂರೂ ಒಂದೇ ಕಡೆ ಇದ್ದರೆ ತಪ್ಪು ನುಸುಳುವುದಿಲ್ಲ ಎಂಬ ಲೆಕ್ಕ. ಪುಟ್ಟಸ್ವಾಮಿ ಚಹಾದ ಲೋಟದತ್ತ ಬೆರಳು ಚಾಚಿ “ಟೀ, ಯೋಶಿ” ಎಂದ.

ಕೆಲಸದ ಬಗೆ ಹೀಗಿತ್ತು. ಓಝೋನ್ ಎಂದರೆ ನಾವು ಉಸಿರಾಡುವ ಆಮ್ಲಜನಕವೇ, ಆದರೆ ಕೆರಳಿದ ಆಮ್ಲಜನಕ. ಸಿಡಿಲು ಹೊಡೆದಾಗ ಗಾಳಿಗೆ ಏನಾಗುತ್ತದೋ ಅದನ್ನು ಒಂದು ಪೆಟ್ಟಿಗೆಯೊಳಗೆ ವಿದ್ಯುತ್ತಿನಿಂದ ಮಾಡುತ್ತಾರೆ. ಆ ಗಾಳಿಯನ್ನು ಎರಡಾಳೆತ್ತರದ ಒಂದು ಕಂಬದಂಥ ತೊಟ್ಟಿಯ ತಳದಿಂದ ನೀರಿಗೆ ಬಿಡುತ್ತಾರೆ. ಗುಳ್ಳೆ ಏರುತ್ತಾ ಹೋದಂತೆ ರೋಗಾಣು ಸಾಯುತ್ತದೆ, ಬಣ್ಣ ಮತ್ತು ನಾತ ಒಡೆದುಹೋಗುತ್ತವೆ. ಅಲ್ಲಿಂದ ನೀರು ಮೆಂಬ್ರೇನಿಗೆ ಹೋಗುತ್ತದೆ. ಶಾವಿಗೆಯ ಕಟ್ಟು ನೆನೆಸಿಕೊಳ್ಳಿ, ಆದರೆ ಒಂದೊಂದು ಎಳೆಯೂ ಒಳಗೆ ಪೊಳ್ಳು. ಎಳೆಯ ಗೋಡೆಯ ಮೂಲಕ ನೀರು ಮಾತ್ರ ಒಳಗೆ ಇಳಿಯುತ್ತದೆ. ಕೆಸರು, ಸತ್ತ ರೋಗಾಣು ಹೊರಗೇ ಉಳಿಯುತ್ತವೆ. ಆಗಾಗ ಹಿಂದಿನಿಂದ ನೀರು ತಳ್ಳಿ ಎಳೆಗಳನ್ನು ತೊಳೆಯುತ್ತಾರೆ.

ನೀರಿನಲ್ಲಿ ಕರಗದೆ ಉಳಿದ ಓಝೋನ್ ತೊಟ್ಟಿಯ ನೆತ್ತಿಯಲ್ಲಿ ಕೂಡಿಕೊಳ್ಳುತ್ತದೆ. ಅದನ್ನು ಕೊಳವೆಯಲ್ಲಿ ಒಯ್ದು ಇನ್ನೊಂದು ಪೆಟ್ಟಿಗೆಯಲ್ಲಿ ನಾಶಮಾಡಿ ಹೊರಗೆ ಬಿಡುತ್ತಾರೆ. ಆ ಕೊಳವೆಗೆ, ಎದೆಯ ಎತ್ತರದಲ್ಲಿ, ಪರೀಕ್ಷೆಗೆ ಗಾಳಿ ತೆಗೆಯುವ ಒಂದು ಸಣ್ಣ ನಲ್ಲಿಯಿತ್ತು. ಮೊರಿತಾ ಅದರತ್ತ ಬೆರಳು ಚಾಚಿದರು. ಫೋನು ಹೇಳಿತು: “ಇದನ್ನು ತೆರೆಯಬಾರದು. ಇದು ಶ್ವಾಸಕೋಶಕ್ಕೆ ಅಪಾಯಕಾರಿ.”

ಹನ್ನೊಂದು ಗಂಟೆಯ ಹೊತ್ತಿಗೆ ಎಲ್ಲರೂ ಮೆಂಬ್ರೇನಿನ ಕಡೆ ಇದ್ದೆವು. ಎಳೆಗಳನ್ನು ತೊಳೆಯುವುದನ್ನು ಮೊರಿತಾ ತೋರಿಸುತ್ತಿದ್ದರು. ಜವರಣ್ಣ ಪಕ್ಕದಲ್ಲಿಲ್ಲ ಎಂದು ನನಗೆ ಅನ್ನಿಸಿತು. ತಿರುಗಿ ನೋಡಿದೆ. ಅವನು ಆ ಕೊಳವೆಯ ಹತ್ತಿರ ನಿಂತಿದ್ದ. ಎಡಗೈ ನಲ್ಲಿಯ ಮೇಲೆ. ಬಗ್ಗಿ, ಊರಿನಲ್ಲಿ ನೀರನ್ನು ಮೂಸುವ ಹಾಗೆಯೇ, ಕಣ್ಣು ಮುಚ್ಚಿ, ಮೂಗನ್ನು ನಲ್ಲಿಯ ಬಾಯಿಗಿಟ್ಟು ಎಳೆದ. ತಟ್ಟನೆ ತಲೆ ಹಿಂದಕ್ಕೆ ಹೋಯಿತು. ನಲ್ಲಿ ಮುಚ್ಚಿದ. ಗೋಡೆಯ ಮೇಲಿನ ಹಸಿರು ದೀಪ ಹಳದಿಯಾಗಿ, ಎಚ್ಚರಿಕೆಯ ಗಂಟೆ ಕೂಗತೊಡಗಿತು. ಗಡಿಯಾರ ನೋಡಿದೆ: ಹನ್ನೊಂದು ಹತ್ತು.

ಮೊರಿತಾ ನಮ್ಮನ್ನೆಲ್ಲ ಹೊರಗೆ ದಬ್ಬಿದರು. ಬಾಗಿಲಾಚೆ ನಿಲ್ಲಿಸಿ ತಲೆ ಎಣಿಸಿದರು. ಆಮೇಲೆ ಮುಖಕ್ಕೆ ಮುಸುಕು, ಬೆನ್ನಿಗೆ ಸಿಲಿಂಡರು ಕಟ್ಟಿಕೊಂಡು ಒಳಗೆ ಹೋದರು. ಇಪ್ಪತ್ತು ನಿಮಿಷದ ಮೇಲೆ ಬಂದು ಮುಸುಕು ತೆಗೆದರು. ಎಲ್ಲಿ ಸೋರಿತು ಎಂದು ಸಿಗಲಿಲ್ಲವಂತೆ. ಘಟಕ ನಿಲ್ಲಿಸಿ ಒಂದೊಂದು ಕೀಲನ್ನೂ ಬಿಚ್ಚಿ ನೋಡುತ್ತಾರಂತೆ.

“ಅತಿಥಿಗಳಾದ ತಮಗೆ ಅಪಾಯ ಉಂಟುಮಾಡಿದ್ದೇವೆ. ಇದು ನನ್ನ ತಪ್ಪು” ಎಂದಿತು ಫೋನು. ಮೊರಿತಾ ಸೊಂಟದಿಂದ ಬಾಗಿದರು. ಬಾಗಿದವರು ಬೇಗ ಏಳಲಿಲ್ಲ.

ಜವರಣ್ಣ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

ವಸತಿಗೃಹ

ನಮ್ಮನ್ನು ವಸತಿಗೃಹಕ್ಕೆ ವಾಪಸು ಕಳಿಸಿದರು. ಪಡಸಾಲೆಯ ತುದಿಯಲ್ಲಿ ಕೈತೊಳೆಯುವ ಬೇಸಿನ್ನಿನ ಮೇಲೆ ಬಾಗಿ ಜವರಣ್ಣ ಕೆಮ್ಮುತ್ತಿದ್ದ. ನಾನು ಹಿಂದೆ ಹೋಗಿ ನಿಂತೆ.

“ನೋಡ್ದೆ ಜವರಣ್ಣ.”

“ನೋಡಿದ್ರೆ ನೋಡ್ದೆ. ಯೋಳ್ಬೇಡ.”

“ಆ ಮನುಷ್ಯ ನಿನ್ನೆದುರು ಬಾಗಿ ನಿಂತಿದ್ರಲ್ಲಣ್ಣ. ಅಲ್ಲಿ ಕೀಲು ಕೀಲು ಬಿಚ್ತಾವ್ರೆ.”

“ಬಿಚ್ಲಿ, ಮತ್ತೆ ಹಾಕ್ಕತಾರೆ. ಅವ್ರಿಗೇನು, ಯಂತ್ರ ಅದೆ. ನನ್ಗೆ?” ಮತ್ತೆ ಕೆಮ್ಮಿದ. “ಮೂಗು ತೂರ್ಸಿ ಸಾಯಕ್ಕೋಗಿದ್ದ ಅಂತ ಊರ್ನಾಗೆ ಗೊತ್ತಾದ್ರೆ, ಆ ಘಟಕುಕ್ಕೆ ನನ್ನ ಬುಟ್ಟಾರಾ? ಅವತ್ತು ನಾನು ಊರಲ್ಲಿರ್ನಿಲ್ಲ ಅಂತ ಬೀದಿ ಜನ ಮಕ ತಿರುಗ್ಸಿಬುಟ್ರು ಕಣ್ಲಾ. ಈ ಕೆಲ್ಸನೂ ಓದ್ರೆ ಆ ಬೀದೀಲಿ ಎಂಗ್ಲಾ ನಡೀಲಿ?”

“ಎದೆ ನೋಯ್ತದಾ?”

“ಗಂಟ್ಲು ಉರೀತದೆ. ಅಷ್ಟೇಯ. ಬ್ಲೀಚಿಂಗ್ ಕುಡ್ದು ಬೆಳ್ದಿರೋ ಎದೆ ಕಣಪ್ಪ ಇದು. ಸಂಜೆಗೆ ಸರೋಗ್ತದೆ.”

ಪ್ರಯೋಗಾಲಯದಲ್ಲಿ ಕಾಗದಕ್ಕೆ ಬಿದ್ದ ಮಾತು ಒಬ್ಬನ ಕೆಲಸವನ್ನು ತಿಂದದ್ದನ್ನು ನಾನು ನೋಡಿದ್ದೇನೆ. ನಾನೇ ಬರೆದ ವರದಿಯಿಂದ ಒಬ್ಬ ಮನೆಗೆ ಹೋದದ್ದಿದೆ. ಅದಕ್ಕೇ ಹೂಂ ಎಂದೆ. ಸಂಜೆಯವರೆಗೆ ನೋಡೋಣ ಎಂದುಕೊಂಡೆ.

ಮಧ್ಯಾಹ್ನವೆಲ್ಲ ಅವನ ಚಾಪೆಯ ಪಕ್ಕ ಕೂತು ಗಡಿಯಾರ ನೋಡುತ್ತಾ ಅವನ ಉಸಿರು ಎಣಿಸಿದೆ. ಒಂದು ಗಂಟೆಗೆ, ನಿಮಿಷಕ್ಕೆ ಹದಿನೆಂಟು. ಮೂರಕ್ಕೆ ಇಪ್ಪತ್ತೆರಡು. ಐದಕ್ಕೆ ಇಪ್ಪತ್ತೇಳು. ಪ್ರತಿ ಸಲವೂ ತಪ್ಪು ಎಣಿಸಿರಬೇಕು ಎಂದು ಮತ್ತೊಮ್ಮೆ ಎಣಿಸಿದೆ. ತಪ್ಪಿರಲಿಲ್ಲ. ಪುಟ್ಟಸ್ವಾಮಿ ಬಂದು, “ಇಷ್ಟು ದೂರ ಬಂದು ನೆಗಡಿ ಇಡ್ಸ್ಕೊಂಡ್ಯಾ ಜವರಣ್ಣ?” ಎಂದು ಕೇಳಿ ನನ್ನತ್ತ ನೋಡಿದ. ನಾನು ಗಡಿಯಾರದತ್ತ ತಿರುಗಿದೆ. ಅವನು ನಗದೆ ಹೊರಗೆ ಹೋದ.

ಊಟದ ಮನೆ

ಆರು ಗಂಟೆಗೆ ಕೆಳಗೆ ಊಟಕ್ಕೆ ಕರೆದರು. ಅಲ್ಲಿ ನೆಲದ ಮೇಲೆ, ಗಿಡ್ಡ ಮೇಜಿನ ಸುತ್ತ ಕೂರುತ್ತಾರೆ. ಉಣ್ಣುವ ಮೊದಲು ಕೈ ಜೋಡಿಸುತ್ತಾರೆ. ಸೊಪ್ಪಿನ ಸಾರಿನಂಥದ್ದನ್ನು ಬಟ್ಟಲೆತ್ತಿ ಕುಡಿಯುತ್ತಾರೆ. ಬೇರೆ ದಿನವಾಗಿದ್ದರೆ ಇದರ ಬಗ್ಗೆಯೇ ಎರಡು ಪುಟ ಬರೆಯುತ್ತಿದ್ದೆ. ಅವತ್ತು ನಾನು ನೋಡಿದ್ದು ಜವರಣ್ಣನ ತುಟಿಯ ಬಣ್ಣವನ್ನು. ಅವನು ಅನ್ನದ ಬಟ್ಟಲು ಹಿಡಿದಿದ್ದ, ಬಾಯಿಗೆ ಒಯ್ಯುತ್ತಿರಲಿಲ್ಲ. ಒಂದು ಮಾತಿಗೆ ಎರಡು ಸಲ ಉಸಿರೆಳೆಯುತ್ತಿದ್ದ.

ಅಷ್ಟರಲ್ಲಿ ಮೊರಿತಾ ಬಂದರು. ಕೆಲಸದ ಬಟ್ಟೆಯಲ್ಲೇ ಇದ್ದರು. ಬೆರಳುಗಳಿಗೆ ಎಣ್ಣೆ ಮೆತ್ತಿತ್ತು. ಹೊಸ್ತಿಲಲ್ಲೇ ಮಂಡಿಯೂರಿ ಕೂತರು. ಫೋನು ಹೇಳಿತು: “ಎಲ್ಲಾ ಕೀಲುಗಳನ್ನು ಪರೀಕ್ಷಿಸಿದೆವು. ದೋಷ ಸಿಗಲಿಲ್ಲ. ಸಿಗದ ದೋಷವೇ ಅಪಾಯ. ತಮ್ಮ ಊರಿಗೆ ಇಂಥ ಘಟಕವನ್ನು ಕಳುಹಿಸಲು ನಾನು ಒಪ್ಪಲಾರೆ. ಕ್ಷಮಿಸಿ.” ಹಣೆ ನೆಲಕ್ಕೆ ತಾಗುವಂತೆ ಬಾಗಿದರು.

ಸವಿತಾ ಮೇಡಂ ಅವರ ಮುಖ ಬಿಳಿಚಿತು. ನಾನು ಗಡಿಯಾರ ನೋಡಿದೆ. ಆರು ಹದಿನೈದು.

“ಮೇಡಂ, ಸೋರಿಕೆ ಇಲ್ಲ” ಎಂದೆ. “ಜವರಣ್ಣ ಆ ನಲ್ಲಿ ತಿರುಗಿಸಿ ಮೂಸಿದ. ನಾನು ಕಣ್ಣಾರೆ ಕಂಡೆ. ಹನ್ನೊಂದು ಹತ್ತಕ್ಕೆ. ಅವನಿಗೆ ಉಸಿರಾಟ ಆಗ್ತಾ ಇಲ್ಲ.”

ಜವರಣ್ಣ ನನ್ನತ್ತ ನೋಡಿದ. ಬೈಯಲು ಬಾಯಿ ತೆರೆದ, ಬೈಗುಳಕ್ಕೂ ಗಾಳಿ ಸಾಲಲಿಲ್ಲ. ಮೇಡಂ, “ಬೆಳಿಗ್ಗೆಯಿಂದ ಸುಮ್ನಿದ್ರಾ ಶಿವಲಿಂಗು?” ಎಂದು ಮಾತ್ರ ಕೇಳಿದರು. ಉತ್ತರಕ್ಕೆ ಕಾಯದೆ ಎದ್ದರು.

ಮೊರಿತಾ ಯಾಕೆ ಎಂದು ಕೇಳಲಿಲ್ಲ. ಯಾವ ನಲ್ಲಿ, ಎಷ್ಟು ಹೊತ್ತು ಎಂದಷ್ಟೇ ಕೇಳಿದರು. ಹಾಗೆ ಕೇಳುತ್ತಲೇ ಜವರಣ್ಣನ ಕಂಕುಳಿಗೆ ಹೆಗಲು ಕೊಟ್ಟಿದ್ದರು. ಇನ್ನೊಂದು ಕಡೆ ಪುಟ್ಟಸ್ವಾಮಿ ಹಿಡಿದ. ಕಾರು ಹತ್ತಿಸಿದೆವು. ಜವರಣ್ಣನ ಎದೆಯಿಂದ, ತಳ ಕಾಣುತ್ತಿರುವ ಬಾವಿಯ ಪಂಪಿನಂಥ ಸದ್ದು ಬರುತ್ತಿತ್ತು.

ಆಸ್ಪತ್ರೆ

ಡಾಕ್ಟರು ಎಳೆ ವಯಸ್ಸಿನ ಹೆಂಗಸು. ಎದೆಯ ಚಿತ್ರ ತೆಗೆಸಿ, ಮುಖಕ್ಕೆ ಆಮ್ಲಜನಕದ ಮುಖವಾಡ ಹಾಕಿದರು. ಓಝೋನ್ ಎಳೆದವರಿಗೆ ಮೊದಲು ಗಂಟಲುರಿ, ಕೆಮ್ಮು ಅಷ್ಟೇ, ಗಂಟೆಗಳ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ ಎಂದು ಇಂಗ್ಲಿಷಿನಲ್ಲಿ, ಮೇಡಂ ಮೂಲಕ ತಿಳಿಸಿದರು. ನನ್ನನ್ನು ಕರೆದು ಕೇಳಿದರು: ಎಷ್ಟು ಸಲ ಎಳೆದರು?

“ಒಂದು” ಎಂದೆ. ನಾನು ಕಂಡದ್ದು ಒಂದೇ.

ಬೆಳಗಾದಾಗ ಉಸಿರು ಇಪ್ಪತ್ತನಾಲ್ಕಕ್ಕೆ ಬಂದಿತ್ತು, ಅದಕ್ಕಿಂತ ಕೆಳಗೆ ಇಳಿಯಲಿಲ್ಲ. ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಒಂದು ಸಲಕ್ಕೆ ಇಷ್ಟಾಗಬಾರದು ಎಂದರು. ಇನ್ನೇನೋ ಕಾಯಿಲೆ ಇರಬಹುದೆಂದು ಬೇರೆ ಪರೀಕ್ಷೆಗಳಿಗೆ ಬರೆದುಕೊಟ್ಟರು.

ಆಗ ಮೊರಿತಾ ಒಂದು ಹಾಳೆ ತಂದರು. ಅವರಲ್ಲಿ ಒಂದು ಪದ್ಧತಿಯಿದೆ. ಅಪಘಾತವಾದರೆ ಮಾತ್ರವಲ್ಲ, ಆಗುವುದರಲ್ಲಿತ್ತು ಎಂಬ ಸಣ್ಣ ಸಂಗತಿಯನ್ನೂ ಕಂಡವರು ಬರೆದು ಗೋಡೆಗೆ ಅಂಟಿಸಬೇಕು. ಉಳಿದವರು ಓದಿಕೊಳ್ಳಬೇಕು. ಕನ್ನಡದಲ್ಲೇ ಬರೆಯಿರಿ ಎಂದು ಮೇಡಂ ಹೇಳಿದರು. ಏನಾಯಿತು, ಯಾವಾಗ, ಹಾಗೆ ಮಾಡಬೇಕೆಂದು ಯಾಕೆ ಅನ್ನಿಸಿತು, ಇಷ್ಟೇ ಪ್ರಶ್ನೆ. ನಾನು ಮಂಚದ ಪಕ್ಕ ಕೂತು ಬರೆದೆ. ‘ಒಂದು ಸಲ ಮೂಸಿದರು’ ಎಂದು ಬರೆದೆ. ಯಾಕೆ ಎಂಬಲ್ಲಿ ಪೆನ್ನು ನಿಂತಿತು.

ಜವರಣ್ಣ ಮುಖವಾಡ ಸರಿಸಿ ಕೈ ಚಾಚಿದ. ರಾತ್ರಿಯಿಂದ ಅವನು ನನ್ನ ಜೊತೆ ಮಾತಾಡಿರಲಿಲ್ಲ. ಹಾಳೆಯನ್ನು ಎರಡೂ ಕಡೆ ತಿರುಗಿಸಿ ನೋಡಿದ.

“ಯಾರು ಮಾಡುದ್ರು ಅಂತ ಎಲ್ಲಿ ಬರ್ದಿದ್ದೀಯ?”

“ಅದನ್ನ ಕೇಳಿಲ್ಲ ಜವರಣ್ಣ. ಕೇಳೋದೇ ಇಲ್ವಂತೆ.”

ಅವನು ಹಾಳೆಯನ್ನು ಎದೆಯ ಮೇಲೆ ಇಟ್ಟುಕೊಂಡ. ಆಮೇಲೆ ಮೆಲ್ಲಗೆ, ನಿಂತು ನಿಂತು ಹೇಳಿದ:

“ಒಂದಲ್ಲ ಕಣ್ಲಾ, ಎಲ್ಡು. ನೀನು ತಿರುಗಿ ನೋಡೋಕ್ ಮೊದ್ಲೇ ಒಂದ್ಸಲ ಎಳ್ದಿದ್ದೆ. ಚೂರೇ ಚೂರು ತಿರುಗ್ಸಿ, ದೂರ್ದಿಂದ. ಆಗ ಸಿಡ್ಲು ಒಡ್ದಂಗೆ ಒಂದು ವಾಸ್ನೆ ಬಂತು. ಅಲ್ಲೇ ನಿಂತಿದ್ದಂಗೆ ಆ ವಾಸ್ನೆ ನಿಂತೋಯ್ತು. ಏನೂ ಬರ್ನಿಲ್ಲ. ಖಾಲಿ. ಗಾಳಿ ನಿಂತೋಗದೆ ಅಂದ್ಕಂಡು ಪೂರ್ತಿ ತಿರುಗ್ಸಿ, ಮೂಗು ಅಂಟ್ಸಿ ಎಳ್ದೆ.” ಉಸಿರು ತೆಗೆದುಕೊಂಡ. “ಗಾಳಿ ಇತ್ತು. ಮೂಗೇ ಸತ್ತೋಗಿತ್ತು.”

ನಾನು ಹಾಳೆಯನ್ನು ಅಲ್ಲೇ ಬಿಟ್ಟು ಡಾಕ್ಟರ ಕೋಣೆಗೆ ಓಡಿದೆ. ಅಲ್ಲಿದ್ದ ಮೇಡಂ ನನ್ನ ಮಾತನ್ನು ತಿಳಿಸಿದ ಮೇಲೆ ಡಾಕ್ಟರು ಬೇರೆ ಪರೀಕ್ಷೆಗಳ ಚೀಟಿಯನ್ನು ಪಕ್ಕಕ್ಕಿಟ್ಟರು. ಔಷಧ ಬದಲಿಸಿದರು. ಇನ್ನೆರಡು ದಿನ ಆಮ್ಲಜನಕ ತೆಗೆಯಬಾರದೆಂದು ಬರೆದರು. ಎಳೆದದ್ದು ಎರಡು ಸಲ, ಅದರಲ್ಲಿ ಒಂದು ಪೂರ್ತಿ ಎಂದಾದರೆ ಈ ಚಿತ್ರಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲವಂತೆ.

ಆ ಎರಡು ದಿನ ನಾನು ಆಸ್ಪತ್ರೆಯಲ್ಲೇ ಇದ್ದೆ. ಮೇಡಂ ಮತ್ತು ಪುಟ್ಟಸ್ವಾಮಿ ಘಟಕಕ್ಕೆ ಹೋಗಿಬರುತ್ತಿದ್ದರು. ಕೀಲುಗಳನ್ನು ಮತ್ತೆ ಜೋಡಿಸಿದ್ದರು, ನೀರು ಹರಿಯುತ್ತಿತ್ತು. ಜವರಣ್ಣನ ಊರಿಗೆ ಕಳಿಸಲು ಒಪ್ಪುವುದಿಲ್ಲ ಎಂಬ ಮಾತನ್ನು ಮೊರಿತಾ ಹಿಂತೆಗೆದುಕೊಂಡರು. ನಡೆಸುವವನು ಯಾರು ಎಂಬುದನ್ನು ಊರಿಗೆ ಹೋಗಿ ತೀರ್ಮಾನಿಸುತ್ತೇವೆ ಎಂದು ಮೇಡಂ ನನಗೆ ಹೇಳಿದರು. ಅದನ್ನು ಜವರಣ್ಣನಿಗೂ ಹೇಳಿದೆ. ಈ ಸಲ ಏನನ್ನೂ ಮುಚ್ಚಿಡಲಿಲ್ಲ. ಅವನು ಹೂಂ ಎಂದ, ಅಷ್ಟೇ.

ಮೂರನೆಯ ಬೆಳಿಗ್ಗೆ ಉಸಿರು ಹದಿನಾರಿಗೆ ಇಳಿಯಿತು. ಮೂರು ಸಲ ಎಣಿಸಿದೆ, ಹದಿನಾರೇ. ಮುಖವಾಡ ತೆಗೆದ ಮೇಲೆ ಅವನು ಮೊದಲು ಕೇಳಿದ್ದು ಆ ಹಾಳೆಯನ್ನು.

“ಓದು.”

ಓದಿದೆ. ‘ಒಂದು’ ಎಂಬುದನ್ನು ಹೊಡೆದು ‘ಎರಡು’ ಎಂದು ಮಾಡಿದ್ದೆ. ಯಾಕೆ ಎಂಬಲ್ಲಿ, ‘ಮೂವತ್ತು ವರ್ಷ ನೀರನ್ನು ಮೂಗಿನಿಂದಲೇ ನೋಡಿದ್ದೆ, ಈ ಗಾಳಿ ಮೊದಲು ಮೂಗನ್ನೇ ಕೊಲ್ಲುತ್ತದೆ, ವಾಸನೆ ಇಲ್ಲ ಎಂದರೆ ಗಾಳಿ ಇಲ್ಲ ಎಂದಲ್ಲ’ ಎಂದು ಅವನ ಮಾತನ್ನೇ ಬರೆದಿದ್ದೆ.

“ನನ್ನೆಸ್ರು ಆಕು” ಎಂದ.

“ಅದಕ್ಕೆ ಜಾಗ ಇಲ್ಲ ಜವರಣ್ಣ.”

“ಇಲ್ದಿದ್ರೆ ಮಾಡ್ಕೊ ಕಣ್ಲಾ. ನೀರುಗಂಟಿ ಅಂತಾನೂ ಬರಿ.”

ಹಾಳೆಯ ಅಂಚಿನಲ್ಲಿ ಬರೆದೆ: ಜವರಪ್ಪ, ನೀರುಗಂಟಿ. ಅದರ ಕೆಳಗೆ ನನ್ನ ಹೆಸರನ್ನೂ ಬರೆದೆ: ಶಿವಲಿಂಗ, ಹನ್ನೊಂದು ಹತ್ತರಿಂದ ಆರು ಹದಿನೈದರವರೆಗೆ ಹೇಳದೆ ಇದ್ದವನು.